ಎರಡೂವರೆ ವರ್ಷದ ಹೈಬ್ರಿಡ್ ಕಾರು: ಮೈಲೇಜ್ ಚೊಲೋ, ಬ್ರೇಕಿಗೆ ಜಂಗು

2023ರ ಖಂಡೇ ಪೂಜೆ (ಆಯುಧ ಪೂಜೆ). ಗಾಡಿ ಬಂದು ಐದು ತಿಂಗಳಾಗಿತ್ತು. ಮುಂಜಾನೆ ನಾನೇ ಪೈಪು ಹಿಡಿದು ತೊಳೆದೆ, ಅಲಾಯ್ ಗಾಲಿಗಳ ಸಂದಿಯೊಳಗೂ ನೀರು ಬಿಟ್ಟೆ. ಚೆಂಡು ಹೂವಿನ ಮಾಲೆ, ಕುಂಬಳಕಾಯಿ ಎಲ್ಲ ಆಗಿ, ನಾಲ್ಕು ಲಿಂಬೆಹಣ್ಣಿನ ಮೇಲೆ ಹಾಯಿಸಿ ಮತ್ತೆ ಕಾಂಪೌಂಡಿನೊಳಗೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿದೆ. ಮರುದಿನ ಬನ್ನಿ ಕೊಡುವ ಓಡಾಟ, ಗಾಡಿ ಮುಟ್ಟಲಿಲ್ಲ. ಮೂರನೇ ದಿನ ಕಾಲೇಜಿಗೆ ಹೊರಟರೆ ಗಾಡಿ ಕದಲಲೊಲ್ಲದು. ಆಕ್ಸಿಲರೇಟರ್ ಸ್ವಲ್ಪ ಒತ್ತಿದೆ. ಹಿಂದಿನಿಂದ ಟಪ್ ಅಂತ ತೆಂಗಿನಕಾಯಿ ಒಡೆದಂಥ ಸದ್ದು ಬಂತು, ಗಾಡಿ ಮುಂದೆ ಜಿಗಿಯಿತು. ಇಳಿದು ನೋಡಿದರೆ ಗಾಲಿಯ ಜೊತೆ ತಿರುಗುವ ಕಬ್ಬಿಣದ ತಟ್ಟೆಗಳು, ಅಂದರೆ ಹಿಂದಿನ ಬ್ರೇಕ್ ಡಿಸ್ಕ್‌ಗಳು ಗಜ್ಜರಿ ಬಣ್ಣಕ್ಕೆ ತಿರುಗಿದ್ದವು. ಸುಮಾರು ಇಪ್ಪತ್ತು ಲಕ್ಷದ ಗಾಡಿ, ಅರ್ಧದಷ್ಟು ಸೊಸೈಟಿ ಸಾಲ, ಐದೇ ತಿಂಗಳಿಗೆ ಜಂಗು (ತುಕ್ಕು)!

ಕಂಪನಿ ಹೆಸರು ಹೇಳುವುದಿಲ್ಲ. ಇದು ಒಂದೇ ಕಂಪನಿಯ ಗಾಡಿಗೆ ಬರುವ ತಾಪತ್ರಯ ಅಲ್ಲವೆಂದು ಆಮೇಲೆ ಗೊತ್ತಾಯಿತು. ಸ್ಟ್ರಾಂಗ್ ಹೈಬ್ರಿಡ್ (ಎಂಜಿನ್ನಿನ ಜೊತೆ ಗಾಲಿ ತಿರುಗಿಸಲು ಬ್ಯಾಟರಿ, ಮೋಟರೂ ಇರುವಂಥದ್ದು), ಪೆಟ್ರೋಲ್, ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕ್ ಅನ್ನುವಷ್ಟು ಸಾಕು. ಸನ್‌ರೂಫ್, ಸ್ಕ್ರೀನು, ಡಿಕ್ಕಿಯಲ್ಲಿ ಎಷ್ಟು ಬ್ಯಾಗು ಹಿಡಿಯುತ್ತವೆ ಅನ್ನುವುದನ್ನೆಲ್ಲ ನೀವು ಈಗಾಗಲೇ ನೋಡಿರುತ್ತೀರಿ.

ನನ್ನ ಓಡಾಟ ಹೇಳುತ್ತೇನೆ. ಮನೆ ಧಾರವಾಡದ ಮಾಳಮಡ್ಡಿ, ನೌಕರಿ ಹುಬ್ಬಳ್ಳಿಯ ವಿದ್ಯಾನಗರದ ಕಡೆ. ಹೋಗಿಬಂದರೆ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರು. ಬೈಪಾಸ್ ಹಿಡಿಯುವುದಿಲ್ಲ, ಹಳೇ ಪಿ.ಬಿ. (ಪುಣೆ-ಬೆಂಗಳೂರು) ರೋಡೇ. ಪಕ್ಕದಲ್ಲಿ ಬಸ್ಸಿಗೇ ಮೀಸಲಾದ ಬಿ.ಆರ್.ಟಿ.ಎಸ್. ಲೈನಿನಲ್ಲಿ ಚಿಗರಿ ಬಸ್ಸು ಸುಂಯ್ ಅಂತ ಹೋಗುತ್ತಿರುತ್ತದೆ, ನಾವು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುತ್ತಿರುತ್ತೇವೆ. ಹೈಬ್ರಿಡ್‌ಗೆ ಇಂಥ ರಸ್ತೆಯೇ ಹಬ್ಬ. ಟೋಲ್‌ನಾಕಾದಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಬ್ಯಾಟರಿಗೆ ಕರೆಂಟು, ಉಣಕಲ್ಲಿನಲ್ಲಿ ಬ್ರೇಕ್ ಮುಟ್ಟಿದರೆ ಮತ್ತೆ ಕರೆಂಟು. ಎಂಜಿನ್ ಅರ್ಧ ದಾರಿ ಮಲಗಿಯೇ ಇರುತ್ತದೆ. 34 ಸಾವಿರ ಕಿಲೋಮೀಟರಿನಲ್ಲಿ ಪೆಟ್ರೋಲ್ ಬಂಕಿನ ಲೆಕ್ಕದ ಪ್ರಕಾರ ಲೀಟರಿಗೆ 22ರಿಂದ 24 ಬಂದಿದೆ. ಹಳೇ ಪೆಟ್ರೋಲ್ ಗಾಡಿ ಇದೇ ದಾರಿಯಲ್ಲಿ 13 ಕೊಡುತ್ತಿತ್ತು. ಆ ವಿಷಯದಲ್ಲಿ ತಕರಾರಿಲ್ಲ.

ತಕರಾರು ಗಾಲಿಯೊಳಗೆ. ಧಾರವಾಡದ ಮಳೆ ಗೊತ್ತಿದ್ದವರಿಗೆ ಗೊತ್ತು. ಧೋ ಅಂತ ಸುರಿದು ಬಿಟ್ಟುಹೋಗುವ ಮಳೆ ಅಲ್ಲ, ಆಷಾಢದಿಂದ ಶ್ರಾವಣದ ತನಕ ಜಿಟಿಜಿಟಿ. ಒಗೆದ ಬಟ್ಟೆ ಮೂರು ದಿನ ಆರುವುದಿಲ್ಲ. ಆ ದಿನಗಳಲ್ಲಿ ದಿನಾ ಮುಂಜಾನೆ ಗಾಲಿಯ ಕಡ್ಡಿಗಳ ನಡುವೆ ಹಣಿಕಿದರೆ ಡಿಸ್ಕಿನ ಮೇಲೆ ಹೊಸ ಜಂಗು. ನಮ್ಮವರು ಹಲ್ಲುಜ್ಜುತ್ತ ಹೊರಗೆ ಬಂದು, "ಇವತ್ತ ಎಷ್ಟ ಕೆಂಪ ಆಗೇತಿ?" ಅಂತ ಕೇಳುವಷ್ಟು ಅದು ನಮ್ಮ ಮನೆಯ ಮುಂಜಾನೆಯ ಹವಾಮಾನ ವರದಿ ಆಗಿಬಿಟ್ಟಿತು. ಗೇಟು ದಾಟುವಾಗ ಹಿಂದಿನಿಂದ ಕರಕರ ಸದ್ದು, ಹಂಚಿನ ಮೇಲೆ ಸವಟು ತಿಕ್ಕಿದಂತೆ.

ಗದಗಿನಲ್ಲಿರುವ ಸೋದರಮಾವನ ಹತ್ತಿರವೂ ಇದೇ ಗಾಡಿ ಇದೆ. ಅವನದು ವಾರಕ್ಕೊಮ್ಮೆ ಹೊರಗೆ ಬಂದರೆ ಹೆಚ್ಚು. ನನ್ನದಕ್ಕಿಂತ ಕೆಟ್ಟಿರಬೇಕು ಅಂದುಕೊಂಡು ಹೋಗಿ ನೋಡಿದರೆ ತೆಳ್ಳನೆಯ ಕಂದು ಪರದೆ, ಅಷ್ಟೇ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಒಣಗಾಳಿ ಅವನ ಡಿಸ್ಕನ್ನೂ ಒಣಗಿಸುತ್ತದೆ ಅನ್ನುವುದು ನನ್ನ ತರ್ಕ. "ನಿಮ್ಮೂರಾಗ ಮನಷ್ಯಾರಿಗೇ ಬೂಷ್ಟ ಹಿಡೀತೈತಿ, ಗಾಡಿ ಬಿಡು," ಅಂದ ಮಾವ.

ಮೊದಲ ಸರ್ವಿಸಿಗೆ ಹೋದಾಗ ಕೌಂಟರಿನ ಹುಡುಗ ನಕ್ಕು, "ನಾರ್ಮಲ್ ಮೇಡಂ, ಎಲ್ಲಾರದೂ ಹಿಂಗ ಆಗತೈತಿ," ಅಂದ. ಎರಡನೇ ಸರ್ವಿಸಿಗೆ ಅದೇ ಕೌಂಟರಿನಲ್ಲಿ ಬೇರೆ ಹುಡುಗ. ಟ್ಯಾಬ್ ಹಿಡಿದು ಫೋಟೋ ತೋರಿಸಿ, ಹಿಂದಿನ ಎರಡೂ ಡಿಸ್ಕ್ ತೆಗೆದು ಲೇಥಿನ ಮೇಲೆ ಸಾಣೆ ಹಿಡಿಸಬೇಕು, 3,800 ರೂಪಾಯಿ ಅಂದ. ವಾರಂಟಿ ಇಲ್ಲವೇ ಅಂದರೆ ಡಿಸ್ಕು, ಅದನ್ನು ಒತ್ತಿ ಹಿಡಿಯುವ ಪ್ಯಾಡು ಸವೆಯುವ ಸಾಮಾನು, ಅದರೊಳಗೆ ಬರುವುದಿಲ್ಲವಂತೆ. ಹೋದ ವರ್ಷ ನಾರ್ಮಲ್ ಆಗಿದ್ದದ್ದು ಈ ವರ್ಷ 3,800 ಹೇಗಾಯಿತು ಅನ್ನುವುದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಆ ಹೊತ್ತಿಗೆ ಈ ವಿಮರ್ಶೆ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ.

ಬರೆಯಲಿಲ್ಲ, ಯಾಕೆಂದರೆ ಆ ಫೋಟೋವನ್ನು ಅಪ್ಪನಿಗೆ ತೋರಿಸಿದೆ.

ಅಪ್ಪ ಹುಬ್ಬಳ್ಳಿಯ ರೈಲ್ವೆ ಡೀಸೆಲ್ ಶೆಡ್ಡಿನಲ್ಲಿ ಫಿಟರ್ ಆಗಿದ್ದವರು. ರಿಟೈರ್ ಆಗಿ ವರ್ಷಗಳಾದರೂ ಕಬ್ಬಿಣ ಕಂಡರೆ ಬೆರಳಿನಿಂದ ಒಮ್ಮೆ ಸವರಿ ನೋಡುವ ಚಟ ಹೋಗಿಲ್ಲ. ಚಶ್ಮಾ ಏರಿಸಿ, ಗಾಡಿಯ ಹತ್ತಿರ ಬಂದು ಡಿಸ್ಕಿನ ಮೇಲೆ ಉಗುರಿನಿಂದ ಗೀರಿದರು. ಉಗುರಿಗೆ ಕೆಂಪು ಪುಡಿ ಹತ್ತಿತು, ಕೆಳಗೆ ಬಿಳಿ ಗೆರೆ ಮೂಡಿತು.

"ಇದು ಮೈಮ್ಯಾಲಿನ ಜಂಗ ಅವ್ವಾ. ಒಳಗ ತಿಂದಿಲ್ಲ. ಬೀಡಿನ ಕಬ್ಬಿಣ, ಬಣ್ಣಿಲ್ಲ, ಎಣ್ಣಿಲ್ಲ, ರಾತ್ರಿ ತೊಯ್ದರ ಮುಂಜಾನಿ ಕೆಂಪ ಆಗೂದs. ನಮ್ಮ ಹಳೇ ಗಾಡಿದೂ ಆಗತಿತ್ತು."

"ಮತ್ತ ಅದರಾಗ ಯಾಕ ಕಾಣತಿರಲಿಲ್ಲ?"

"ಅದರಾಗ ನೀ ಬ್ರೇಕ್ ಹಾಕತಿದ್ದಿ. ಇದರಾಗ ಹಾಕsವಲ್ಲಿ."

ಕಾಲು ಬ್ರೇಕಿನ ಮೇಲೇ ಇರುತ್ತದಲ್ಲ ಅಂದೆ. ಆಗ ಅಪ್ಪ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೇಮಿಗೆ ಇಳಿಯುವ ರೈಲು ಘಾಟಿನ ಕಥೆ ತೆಗೆದರು. 37 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ದಾರಿ, ದೂಧಸಾಗರ ಇರುವುದು ಅಲ್ಲೇ. ಬರೀ ಗಾಲಿಗೆ ಬ್ರೇಕ್ ಒತ್ತಿ ಹಿಡಿದು ಇಳಿಸಿದರೆ ಬ್ರೇಕು ಕಾದು ಸುಟ್ಟುಹೋಗುತ್ತದೆ. ಅದಕ್ಕೇ ಡೀಸೆಲ್ ಎಂಜಿನ್ನಿನಲ್ಲಿ ಡೈನಮಿಕ್ ಬ್ರೇಕ್ ಇರುತ್ತದೆ. ಗಾಲಿ ತಿರುಗಿಸುವ ಮೋಟರನ್ನೇ ಜನರೇಟರ್ ಮಾಡಿಬಿಡುವುದು. ಮೋಟರು ಕರೆಂಟು ಹುಟ್ಟಿಸುವಾಗ ಗಾಲಿಗೆ ತಡೆ ಬೀಳುತ್ತದೆ, ರೈಲಿನ ವೇಗ ಹತೋಟಿಗೆ ಬರುತ್ತದೆ. ಆ ಕರೆಂಟನ್ನು ರೆಸಿಸ್ಟರುಗಳಿಗೆ ಬಿಟ್ಟು, ಶಾಖ ಮಾಡಿ, ಫ್ಯಾನಿನಿಂದ ಹೊರಗೆ ಊದುವುದು.

"ನಾವು ಅಷ್ಟೂ ಕರೆಂಟ್ ಗಾಳಿಗೆ ಬಿಟ್ವಿ. ನಿನ್ನ ಗಾಡಿ ಬ್ಯಾಟರಿಗೆ ತುಂಬಕೊಳ್ಳತೈತಿ, ಭಾಳ ಶಾಣ್ಯಾ ಐತಿ," ಅಂದರು. ಧ್ವನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಇತ್ತು.

ಆಮೇಲೆ ಮ್ಯಾನುವಲ್ ತೆಗೆದು ಕೂತೆ. ಮೆಲ್ಲಗೆ ಪೆಡಲ್ ಒತ್ತಿದಾಗ ಹೆಚ್ಚಿನ ಕೆಲಸವನ್ನು ಮೋಟರೇ ಮಾಡುತ್ತದೆ. ಪ್ಯಾಡು ಡಿಸ್ಕನ್ನು ಗಟ್ಟಿಯಾಗಿ ಹಿಡಿಯುವುದು ಗಾಡಿ ಪೂರ್ತಿ ನಿಲ್ಲುವ ಕೊನೆಯ ಗಳಿಗೆಯಲ್ಲಿ, ಇಲ್ಲವೇ ಎಮ್ಮೆ ಅಡ್ಡ ಬಂದಾಗ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಹಿಂದಿನ ಡಿಸ್ಕಿಗೆ ಸಿಗುವ ಕೆಲಸ ಇನ್ನೂ ಕಡಿಮೆ. ಹಳೇ ಗಾಡಿಯಲ್ಲಿ ರಾತ್ರಿಯ ಜಂಗು ಮೊದಲ ಎರಡು ಸಿಗ್ನಲ್ಲಿನಲ್ಲೇ ಉಜ್ಜಿಹೋಗುತ್ತಿತ್ತು, ಇದರಲ್ಲಿ ಉಜ್ಜುವವರೇ ಇಲ್ಲ. ನನ್ನದು ಮೊದಲೇ ನಿಧಾನದ ಡ್ರೈವಿಂಗು. ಬ್ಯಾಟರಿಯ ಪಟ್ಟಿ ಏರುವುದನ್ನು ನೋಡುತ್ತ ದೂರದಿಂದಲೇ ಕಾಲು ಬಿಡುವ ಜಿಪುಣಿ ನಾನು. ಮೈಲೇಜ್ 24 ಬರುವುದಕ್ಕೂ ಡಿಸ್ಕು ಕೆಂಪಾಗುವುದಕ್ಕೂ ಒಂದೇ ಕಾರಣ ಅಂತ ಗೊತ್ತಾದಾಗ ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಪೂಜೆಯ ಮೂರನೇ ದಿನದ ಆ ಟಪ್ ಸದ್ದೂ ಇದೇ. ತೊಯ್ದ ಡಿಸ್ಕಿಗೆ ಪ್ಯಾಡು ಒತ್ತಿಕೊಂಡು ಎರಡು ದಿನ ಕೂತರೆ ಜಂಗು ಎರಡನ್ನೂ ಬೆಸೆಯುತ್ತದೆ.

ಈಗ ನನ್ನದೊಂದು ಕ್ರಮ ಇದೆ. ಮಳೆಗಾಲದಲ್ಲಿ ದಿನ ಬಿಟ್ಟು ದಿನ, ಬೇಸಗೆಯಲ್ಲಿ ವಾರಕ್ಕೊಮ್ಮೆ. ಏಳೂವರೆಗೆ ಹೊರಟರೆ ಸತ್ತೂರು ದಾಟಿದ ಮೇಲೆ ಹಿಂದೆ ಯಾರೂ ಇಲ್ಲದ ಒಂದು ನೇರ ತುಂಡು ಸಿಗುತ್ತದೆ. ಕನ್ನಡಿ ಎರಡು ಸಲ ನೋಡುತ್ತೇನೆ. ಐವತ್ತರ ವೇಗದಲ್ಲಿದ್ದಾಗ ಗೇರ್ ಲಿವರನ್ನು ನ್ಯೂಟ್ರಲಿಗೆ ತರುತ್ತೇನೆ. ನ್ಯೂಟ್ರಲಿನಲ್ಲಿ ನನ್ನ ಗಾಡಿಯ ಬ್ಯಾಟರಿ ಚಾರ್ಜ್ ಆಗುವುದಿಲ್ಲ ಅಂತ ಮ್ಯಾನುವಲ್ಲೇ ಹೇಳುತ್ತದೆ, ಆದ್ದರಿಂದ ಬ್ರೇಕಿನ ಪೂರ್ತಿ ಕೆಲಸ ಡಿಸ್ಕಿನದೇ. ಇಪ್ಪತ್ತಕ್ಕೆ ಇಳಿಯುವ ತನಕ ಗಟ್ಟಿಯಾಗಿ ಒತ್ತಿ, ಮತ್ತೆ ಡಿ (ಡ್ರೈವ್) ಗೆ ಹಾಕಿ ಮುಂದೆ. ಇಳಿಜಾರಿನಲ್ಲಿ ಇದನ್ನು ಮಾಡಬೇಡಿ, ಟ್ರಾಫಿಕ್ಕಿನಲ್ಲಂತೂ ಬೇಡವೇ ಬೇಡ. ಮೊದಲ ಸಲ ಜೋರಾಗಿ ಕರಕರ, ಎರಡನೇ ಸಲ ಸರಸರ, ಮೂರನೇ ಸಲಕ್ಕೆ ಸದ್ದೇ ಇಲ್ಲ. ನವಲೂರಿನಲ್ಲಿ ಪೇರಲಹಣ್ಣಿನ ಬುಟ್ಟಿಗಳ ಹತ್ತಿರ ನಿಲ್ಲಿಸಿ, ಹಣ್ಣು ಕೊಳ್ಳುವ ನೆಪದಲ್ಲಿ ಬಗ್ಗಿ ಡಿಸ್ಕ್ ನೋಡುತ್ತೇನೆ. ಬೆಳಗಿದ ಬೆಳ್ಳಿ ತಾಟಿನ ಹಾಗೆ ಹೊಳೆಯುತ್ತಿರುತ್ತದೆ. ಈ ಗಾಡಿ ನನಗೆ ಕೊಡುವ ಅತಿ ದೊಡ್ಡ ಖುಷಿ ಇದೇ ಅಂದರೆ ನಮ್ಮವರು ನಗುತ್ತಾರೆ. ಹಣ್ಣು ಮಾರುವ ಅಜ್ಜಿ ಒಮ್ಮೆ, "ಪಂಚರ್ ಆಗೇತೇನವ್ವಾ?" ಅಂತ ಕೇಳಿದಳು.

ಹೀಗೆ ನಾಲ್ಕೈದು ಸಲ ಗಟ್ಟಿ ಬ್ರೇಕ್ ಹಾಕಿದ ಮೇಲೂ ಪ್ಯಾಡಿನ ಆಕಾರದ ಕಪ್ಪು ಕಲೆ, ಕುಳಿ ಉಳಿದರೆ, ಅಥವಾ ಬ್ರೇಕ್ ಹಾಕಿದಾಗ ಪೆಡಲ್ ನಡುಗಿದರೆ, ಆಗ ಗ್ಯಾರೇಜು. ನನಗೆ ಹಾಗಾಗಿಲ್ಲ. ಟೋಲ್‌ನಾಕಾ ಹತ್ತಿರದ ಸಣ್ಣ ಗ್ಯಾರೇಜಿನ ಹುಡುಗನಿಂದ ಒಮ್ಮೆ ಗಾಲಿ ಬಿಚ್ಚಿಸಿ ಒಳಮಗ್ಗಲೂ ನೋಡಿಸಿದೆ, ಹೊರಗಿನಿಂದ ಅದು ಕಾಣುವುದಿಲ್ಲ. "ಅಕ್ಕಾರ, ಪ್ಯಾಡ್ ಹೊಸಾವ ಇದ್ದಂಗ ಅದಾವ್ರಿ. ಇವಕ್ಕ ಸಾಣಿ ಹಿಡಿಸಿದ್ರ ಛಲೋ ಕಬ್ಬಿಣನ ಹೆರದ ಹೊಕ್ಕೈತ್ರಿ," ಅಂದ. ಇನ್ನೂರು ರೂಪಾಯಿ ತಗೊಂಡ. 34 ಸಾವಿರ ಕಿಲೋಮೀಟರಿಗೆ ಹಳೇ ಗಾಡಿ ಒಂದು ಜೊತೆ ಮುಂದಿನ ಪ್ಯಾಡ್ ತಿಂದಿತ್ತು. ಇದರದು ಇನ್ನೂ ಅರ್ಧವೂ ಸವೆದಿಲ್ಲ. ಜಂಗಿನ ಖಾತೆಗೆ ಈ ಜಮೆಯನ್ನೂ ಬರೆಯಬೇಕು.

ಒಂದು ಎಚ್ಚರಿಕೆ. ಸರ್ವಿಸಿಂಗ್ ಸೆಂಟರಿನಲ್ಲಿ ನೀರು ಹೊಡೆಸಿದ ಮೇಲೆ ತಳಕ್ಕೆ ಡೀಸೆಲ್, ಹಳೇ ಆಯಿಲ್ ಸ್ಪ್ರೇ ಮಾಡುವ ರೂಢಿ ನಮ್ಮ ಕಡೆ ಇನ್ನೂ ಇದೆ. "ಗಾಲಿ ಒಳಗೂ ಹೊಡೀಲೇನ್ರಿ, ಜಂಗ ಹತ್ತೂದಿಲ್ಲ," ಅಂತ ಅಲ್ಲಿ ನೀರು ಹೊಡೆಯುವ ಹುಡುಗ ಬಹಳ ಪ್ರೀತಿಯಿಂದ ಕೇಳಿದ. ನಾನು ಓಡಿಬಂದು ಅವನ ಕೈ ಹಿಡಿದೆ. ಪ್ಯಾಡು ಎಣ್ಣೆ ಹೀರಿತೆಂದರೆ ಬ್ರೇಕ್ ಹಿಡಿಯುವುದಿಲ್ಲ. ಕೆಂಪು ಡಿಸ್ಕಿನ ಗಾಡಿ ನಿಲ್ಲುತ್ತದೆ, ಎಣ್ಣೆ ಡಿಸ್ಕಿನದು ನಿಲ್ಲುವುದಿಲ್ಲ. ಈಗ ತೊಳೆಸಿದ ಮೇಲೆ ನೇರ ಮನೆಗೆ ತಂದು ನಿಲ್ಲಿಸುವುದಿಲ್ಲ. ಕೆಲಗೇರಿ ಕೆರೆ ತನಕ ಒಂದು ಸುತ್ತು, ನಾಲ್ಕು ಬ್ರೇಕು, ಆಮೇಲೆ ಮನೆ. ಎರಡು ದಿನ ನಿಲ್ಲಿಸುವುದಿದ್ದರೆ ನಮ್ಮ ಅಂಗಳ ಸಮತಟ್ಟಾಗಿರುವುದರಿಂದ ಪಿ (ಪಾರ್ಕ್) ನಲ್ಲಿ ಬಿಟ್ಟು ಗಾಲಿಗೆ ಕಟ್ಟಿಗೆ ಬೆಣೆ ಕೊಡುತ್ತೇನೆ, ಪಾರ್ಕಿಂಗ್ ಬ್ರೇಕ್ ಹಾಕುವುದಿಲ್ಲ.

ಇಷ್ಟು ಹೇಳಿ ಐದು ಸ್ಟಾರ್ ಕೊಡಬಹುದಿತ್ತು. ಕೊಡುವುದಿಲ್ಲ. ಪ್ಯಾಡು ಮುಟ್ಟುವ ಜಾಗದ ಜಂಗಿಗೆ ಕ್ಷಮೆ ಇದೆ. ಆದರೆ ಡಿಸ್ಕಿನ ನಡುವಿನ ಟೋಪಿಯಂಥ ಭಾಗ, ಅಂಚು, ಗಾಲಿ ಕೂಡುವ ನಡುವಿನ ಹಬ್ಬು, ಇವುಗಳಿಗೆ ಪ್ಯಾಡು ಯಾವತ್ತೂ ತಾಗುವುದಿಲ್ಲ, ಎಷ್ಟು ಬ್ರೇಕ್ ಹಾಕಿದರೂ ಅಲ್ಲಿಯ ಜಂಗು ಹೋಗುವುದಿಲ್ಲ. ಅಲ್ಲಿಗೆ ಸತು-ಅಲ್ಯುಮಿನಿಯಂ ಲೇಪನ ಕೊಡುವ ಕಂಪನಿಗಳಿವೆ. ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ಎಲೆಕ್ಟ್ರಿಕ್ ಗಾಡಿಗಳ ಹಿಂದಿನ ಗಾಲಿಗೆ ಮುಚ್ಚಿದ ಡ್ರಮ್ ಬ್ರೇಕನ್ನೇ ಹಾಕಿತು. ನಾವು ಹಳೇ ಕಾಲದ್ದು ಅಂತ ಮೂಗು ಮುರಿಯುವ ಡ್ರಮ್ಮು ಇಂಥ ಗಾಡಿಗೆ ಚೊಲೋ ಹೊಂದುತ್ತದೆ. ನನ್ನ ಗಾಡಿಯಲ್ಲಿ ಅದೂ ಇಲ್ಲ, ಇದೂ ಇಲ್ಲ. ಡೈಮಂಡ್ ಕಟ್ ಅಲಾಯ್, ಅದರ ನಡುವೆ ಹಳೇ ಬಾಗಿಲಿನ ಚಿಲಕದಂಥ ಹಬ್ಬು. ನಾಲ್ಕು ಸ್ಟಾರ್‌ಗೆ ನಿಲ್ಲಿಸಿದ್ದೇನೆ. ಸರ್ವಿಸ್ ಸೆಂಟರಿಗೆ ಬೇರೆ ಕೊಡಿ ಅಂದರೆ ಎರಡು.

ಹಬ್ಬಿನ ಕೆಲಸ ಅಪ್ಪ ಕೈಗೆತ್ತಿಕೊಂಡಿದ್ದಾರೆ. 350 ರೂಪಾಯಿಯ ಶಾಖ ತಡೆಯುವ ಸಿಲ್ವರ್ ಪೇಂಟು, ಒಂದು ತಂತಿ ಬ್ರಶ್ಶು. ರವಿವಾರ ನಾಷ್ಟಾ ಮುಗಿದ ಮೇಲೆ ಜಾಕ್ ಹಾಕಿ, ಒಂದು ಗಾಲಿ ಬಿಚ್ಚಿ, ಪ್ಯಾಡು ಮುಟ್ಟುವ ಜಾಗಕ್ಕೆ ಹಳೇ ಪೇಪರು ಸುತ್ತಿ, ಜಂಗು ಕೆರೆದು, ಸಣ್ಣ ಬ್ರಶ್ಶಿನಿಂದ ರಂಗೋಲಿ ಎಳೆದಷ್ಟು ಜೋಪಾನವಾಗಿ ಬಣ್ಣ ಹಚ್ಚುತ್ತಾರೆ. ಗಾಲಿ ಕೂಡುವ ಮುಖಕ್ಕೆ ಮಾತ್ರ ಹಚ್ಚುವುದಿಲ್ಲ. ಅಲ್ಲಿ ಬಣ್ಣ ಇದ್ದರೆ ನಟ್ಟು ಸಡಿಲಾಗುತ್ತದಂತೆ. ನಾನು ಪಕ್ಕದಲ್ಲಿ ಚಾ ಹಿಡಿದು ನಟ್ಟು ಎಣಿಸುವ ಹೆಲ್ಪರ್. ಒಂದು ರವಿವಾರಕ್ಕೆ ಒಂದೇ ಗಾಲಿ, ಅವಸರ ಮಾಡಿದರೆ ಬೈಸಿಕೊಳ್ಳಬೇಕು. ಮೂರು ಮುಗಿದವು. ಹಿಂದಿನ ಎಡಗಾಲಿ ಬಾಕಿ ಇರುವಾಗ ಅಪ್ಪನ ಮೊಣಕಾಲು ನೋವು ಶುರುವಾಯಿತು. ನಾನೇ ಹಚ್ಚುತ್ತೇನೆ ಅಂದರೆ ಡಬ್ಬಿ ಕೊಡಲೊಲ್ಲರು. ಅದು ಅವರ ಮಂಚದ ಕೆಳಗೆ ಇದೆ.