ಐದು ವರ್ಷದ ಪುಕ್ಕಟೆ ಪಾಠ: ಎಲ್ಲ ಸರಿ, ಬರೆದದ್ದನ್ನು ಓದೋರು ಯಾರು?

ರಾತ್ರಿ ಪಾತ್ರೆ ತೊಳೆದಾದ ಮೇಲೆ ನಾನು ಕ್ಲಾಸಿಗೆ ಹೋಗುತ್ತೇನೆ. ಐದು ವರ್ಷವಾಯಿತು. ಕ್ಲಾಸು ಅಂದರೆ ಫೋನು, ಒಂದೇ ಕಿವಿಗೆ ಇಯರ್‌ಫೋನು, ಗೆರೆ ಇಲ್ಲದ ಒಂದು ನೋಟ್‌ಬುಕ್ಕು. ಕಲಿಯುವುದು ತತ್ವಶಾಸ್ತ್ರ, ಇತಿಹಾಸ, ಸ್ವಲ್ಪ ಸಮಾಜಶಾಸ್ತ್ರ. ಇದರಿಂದ ಸಂಬಳ ಜಾಸ್ತಿ ಆಗಲ್ಲ, ಆಗಬೇಕು ಅಂತಲೂ ಇಲ್ಲ. ಹಾಗಾಗಿ ಇದಕ್ಕೆ ದುಡ್ಡು ಬಿಚ್ಚಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಈ ವಿಮರ್ಶೆ ಬರೆದದ್ದೂ ಅದೇ ಜಿಪುಣ.

ಮೊದಲು ಖುಷಿಯ ವಿಷಯ. ಅಮೆರಿಕದ ಯೇಲ್ ವಿಶ್ವವಿದ್ಯಾಲಯ 2007ರಲ್ಲಿ ಶುರು ಮಾಡಿದ ‘ಓಪನ್ ಯೇಲ್ ಕೋರ್ಸಸ್’ಗೆ ಲಾಗಿನ್ ಬೇಡ, ಕೊನೆಯ ದಿನಾಂಕ ಇಲ್ಲ, ಸರ್ಟಿಫಿಕೇಟೂ ಇಲ್ಲ. ಸುಮ್ನೆ ಹೋಗಿ ಕೂರಬಹುದು. ನಾನು ಕೂತದ್ದು ಶೆಲ್ಲಿ ಕೇಗನ್ ಮೇಷ್ಟ್ರ ‘ಡೆತ್’ ಕೋರ್ಸಿಗೆ. ಒಟ್ಟು 26 ಕ್ಲಾಸು. ಮನುಷ್ಯ ಮೇಜಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸಾವಿನ ಬಗ್ಗೆ ಮಾತಾಡುತ್ತಾರೆ! ನಿಜವಾದ ಕ್ಲಾಸಿನಲ್ಲೇ ಚಿತ್ರೀಕರಿಸಿದ್ದು. ಮೇಷ್ಟ್ರು ಒಂದು ಮಾತು ಹಿಡಿದರೆ ಅದು ಹಣ್ಣಾಗುವ ತನಕ ಬಿಡುವುದಿಲ್ಲ.

ನನ್ನದೊಂದು ಕ್ರಮ ಇದೆ. ಮೊದಲ ರಾತ್ರಿ ಫೋನು ಬೋರಲು ಹಾಕಿ ಬರೀ ಕೇಳುವುದು. ಮರುದಿನ ಅದೇ ಪಾಠದ ಬರಹರೂಪ ಓದುವುದು. ಅದನ್ನೂ ಅವರೇ ಪುಕ್ಕಟೆ ಇಟ್ಟಿದ್ದಾರೆ. ಮೂರನೇ ದಿನ ನೋಟ್‌ಬುಕ್ಕಿನ ಅಂಚಿನಲ್ಲಿ ಜಗಳ. ಪ್ಲೇಟೊ ಬಳಸುವ ಗ್ರೀಕ್ ಪದ ‘ಸೈಕಿ’ಗೆ ಆತ್ಮ ಅಂತ ಬರೆದುಕೊಂಡಿದ್ದೆ. ಎರಡು ವಾರ ಕಳೆದ ಮೇಲೆ ಪಕ್ಕದಲ್ಲಿ ‘ಜೀವ?’ ಅಂತ ಸೇರಿಸಿದೆ. ಸತ್ತಾಗ ಜೀವ ಹೋಯಿತು ಅಂತೀವೇ ಹೊರತು ಆತ್ಮ ಹೋಯಿತು ಅನ್ನಲ್ಲ, ಅಲ್ವಾ? ಆ ಪ್ರಶ್ನೆ ಗುರುತು ಇವತ್ತಿಗೂ ಹಾಗೇ ಇದೆ.

ಅಮೆರಿಕದ್ದೇ ಆದ ಎಮ್‌ಐಟಿ ವಿಶ್ವವಿದ್ಯಾಲಯ ಪಾಠಗಳನ್ನು ಪುಕ್ಕಟೆ ಇಟ್ಟಿರುವ ‘ಓಪನ್‌ಕೋರ್ಸ್‌ವೇರ್’ ಅಂದರೆ ಬರೀ ಎಂಜಿನಿಯರಿಂಗ್ ಅಂದುಕೊಂಡವರು ಅಲ್ಲಿನ ಸಾಹಿತ್ಯ, ಮಾನವಶಾಸ್ತ್ರದ ಕಡೆ ಒಮ್ಮೆ ಇಣುಕಿ ನೋಡಿ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ‘ಓಪನ್‌ಲರ್ನ್’ನಲ್ಲಿ ನೋಡುವುದಕ್ಕಿಂತ ಓದುವುದೇ ಜಾಸ್ತಿ. ಮುಗಿಸಿದವರಿಗೆ ಭಾಗವಹಿಸಿದ್ದಕ್ಕೆ ಒಂದು ಪ್ರಮಾಣಪತ್ರವನ್ನೂ ಪುಕ್ಕಟೆ ಕೊಡುತ್ತಾರೆ.

ಇನ್ನು ತಕರಾರು. ಮೇಲಿನ ಜಾಗಗಳಲ್ಲಿ ನಾವು ಬರೆದದ್ದನ್ನು ಓದುವ ಮೇಷ್ಟ್ರು ಇರುವುದಿಲ್ಲ. ಆ ಆಸೆಗೆ ನಾನು ಇನ್ನೊಂದು ದೊಡ್ಡ ತಾಣಕ್ಕೆ ಸೇರಿಕೊಂಡೆ, ಹೆಸರು ಬೇಡ. ಅಲ್ಲಿ ಪಾಠವನ್ನು ಐದಾರು ನಿಮಿಷದ ತುಂಡು ಮಾಡಿ, ಒಂದೊಂದಕ್ಕೂ ಒಂದು ಪ್ರಶ್ನೆ ಅಂಟಿಸಿರುತ್ತಾರೆ. ಫ್ರೆಂಚ್ ಕ್ರಾಂತಿ ಯಾವ ವರ್ಷ? 1789 ಒತ್ತಿದೆ, ಹಸಿರು ಟಿಕ್ಕು ಬಂತು. ಯಾಕಾಯಿತು ಅನ್ನುವುದಕ್ಕೆ ಟಿಕ್ಕು ಎಲ್ಲಿಂದ ತರುತ್ತಾರೆ? ಅದಕ್ಕೆ ಪ್ರಬಂಧ ಬರೆಯಬೇಕು. ಪ್ರಬಂಧ ಓದಲು ಮೇಷ್ಟ್ರಿಗೆ ಪುರುಸೊತ್ತಿಲ್ಲ, ಸಾವಿರಾರು ಜನ ಸೇರಿರುತ್ತಾರೆ. ಹಾಗಾಗಿ ನಮ್ಮದನ್ನು ಸಹಪಾಠಿಗಳು ಓದಬೇಕು, ಅವರದನ್ನು ನಾವು.

ಅಲ್ಲಿನ ತತ್ವಶಾಸ್ತ್ರದ ಕೋರ್ಸಿಗೆ ನಾನು ಪ್ಲೇಟೊನ ‘ಫೀಡೊ’ ಸಂವಾದದ ಮೇಲೆ ಬರೆದೆ. ಅದರಲ್ಲಿ ಸತ್ತ ಮೇಲೂ ಜೀವ ಉಳಿಯುತ್ತದೆ ಅನ್ನುವ ಸಾಕ್ರಟೀಸನಿಗೆ ಗೆಳೆಯ ಸಿಮ್ಮಿಯಸ್ ಒಂದು ಮಾತು ಕೇಳುತ್ತಾನೆ: ಜೀವ ಅನ್ನುವುದು ತಂತಿವಾದ್ಯದ ಶ್ರುತಿಯಂತೆ ಇರಬಹುದಲ್ಲ? ವಾದ್ಯ ಮುರಿದರೆ ಶ್ರುತಿ ಎಲ್ಲಿ ಉಳಿಯುತ್ತದೆ? ನಾನು ಅವನ ಪಕ್ಷ. ನಾಲ್ಕು ರಾತ್ರಿ ಕೂತು, ನನ್ನ ಹರಕು ಇಂಗ್ಲಿಷಿನಲ್ಲಿ ಅವನ ಪರ ವಾದ ಮಾಡಿದೆ. ಮೊದಲ ಅಭಿಪ್ರಾಯ ಬಂತು: “ಗುಡ್.” ಎರಡನೆಯದು: “ಗುಡ್ ಎಸ್ಸೇ.” ಇಬ್ಬರೂ ಪೂರ್ತಿ ಅಂಕ ಕೊಟ್ಟಿದ್ದರು. ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ. ಓದದೇ ಕೊಟ್ಟ ಅಂಕ ಯಾರಿಗೆ ಬೇಕು? ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ.

ಮತ್ತೆ ತೆರೆದಾಗ ಮೂರನೆಯದು ಬಂದಿತ್ತು. ಅಂಕ ಕಡಿಮೆ, ಬರಹ ಉದ್ದ. ಆ ಅಪರಿಚಿತರು ಕೇಳಿದ್ದರು: “ಸಾಕ್ರಟೀಸನ ಉತ್ತರ ಬಿಟ್ಟೇಬಿಟ್ಟಿದ್ದೀರಿ. ಮೈಗೆ ಬಾಯಾರಿಕೆ ಆದಾಗಲೂ ಜೀವ ಕುಡಿಯಬೇಡ ಅಂತ ತಡೆಯಬಲ್ಲದು ಅನ್ನುತ್ತಾನೆ. ಶ್ರುತಿ ಎಂದಾದರೂ ತನ್ನ ತಂತಿಗೇ ಎದುರು ನಿಲ್ಲುತ್ತದಾ?” ನಾನು ಆ ಭಾಗ ಬಿಟ್ಟದ್ದು ನಿಜ. ಅದಕ್ಕೆ ಜವಾಬು ಹೊಳೆದಿರಲಿಲ್ಲ, ಅದಕ್ಕೇ ಬಿಟ್ಟಿದ್ದೆ.

ಒಂದು ವಾರ ಕೂತು ಜವಾಬು ಬರೆದೆ. ಹಾಕಲು ಹೋದರೆ ಕೋರ್ಸಿನ ಬಾಗಿಲು ಮುಚ್ಚಿತ್ತು. ಉಚಿತವಾಗಿ ಸೇರಿದವರಿಗೆ ಅಷ್ಟೇ ದಿನ, ಮುಂದೆ ನೋಡಬೇಕಾದರೆ ಹಣ ಕಟ್ಟಿ ಅಂತ ಒಂದು ಗುಂಡಿ. ನನ್ನ ಪ್ರಬಂಧವೂ ಒಳಗೇ ಉಳಿಯಿತು. ಆ ಅಪರಿಚಿತರ ಪ್ರಶ್ನೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ, ಪುಣ್ಯ. ನೀವೂ ಸೇರಿದ ದಿನವೇ ಬೇಕಾದ್ದನ್ನೆಲ್ಲ ಇಳಿಸಿಟ್ಟುಕೊಳ್ಳಿ.

ಯೇಲ್‌ಗೆ ಐದಕ್ಕೆ ಐದು. ಈ ತಾಣಕ್ಕೆ ಎರಡು ಅಂತ ಬರೆದಿದ್ದೆ, ಆ ಮೂರನೆಯವರಿಗಾಗಿ ಮೂರು ಮಾಡಿದ್ದೇನೆ. ಈಗಲೂ ಹೊಸ ಕೋರ್ಸಿಗೆ ಸೇರುತ್ತೇನೆ, ಬೇರೆಯವರ ಪ್ರಬಂಧ ಓದುತ್ತೇನೆ. ‘ಗುಡ್’ ಅಂತ ಮಾತ್ರ ಬರೆಯಲ್ಲ, ಒಂದಾದರೂ ಪ್ರಶ್ನೆ ಹಾಕುತ್ತೇನೆ. ಒಂದೊಂದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಆ ವಾರದ ಪಾಠ ಹಿಂದೆ ಬೀಳುತ್ತದೆ.