ಸಾವಿರ ಗಜಕ್ಕೆ ಲೆಕ್ಕ ಹಾಕಿಕೊಡುವ ಜೆಬಿಎಂ

ನಾನು ಕೊಡಗಿನವನು. ಕೈಲ್ ಮುಹೂರ್ತದ ದಿನ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆದವನಿಗೆ ಲೆಕ್ಕ ಯಾಕೆ ಬೇಕು ಅಂದುಕೊಂಡಿದ್ದೆ. ಇಂಗ್ಲೆಂಡಿನ ಬಿಸ್ಲಿಯಲ್ಲಿ, ಸ್ಟಿಕಲ್‌ಡೌನ್ ಶೂಟಿಂಗ್ ರೇಂಜಿನ 1000 ಗಜದ ಸಾಲಿನಲ್ಲಿ ಮಲಗಿದಾಗ ಆ ಜಂಬ ಇಳಿಯಿತು.

ಆಗಿನಿಂದ ಗುಂಡಿನ ಹಾದಿಯ ಲೆಕ್ಕ ಹಾಕಿಕೊಡುವ ಜೆಬಿಎಂ ಬ್ಯಾಲಿಸ್ಟಿಕ್ಸ್ ಎಂಬ ಜಾಲತಾಣ ಬಳಸುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ. ಗುಂಡಿನ ತೂಕ, ವೇಗ, ಉಷ್ಣಾಂಶ, ಗಾಳಿಯ ಒತ್ತಡ ತುಂಬಿದರೆ ಗುಂಡು ಎಷ್ಟು ಇಳಿಯುತ್ತದೆ ಅಂತ ಪಟ್ಟಿ ಬರುತ್ತದೆ. ನನ್ನದು .308 ಅಳತೆಯ ಬಂದೂಕು, 155 ಗ್ರೇನ್ (ಸುಮಾರು 10 ಗ್ರಾಂ) ತೂಕದ ಗುಂಡು. ಬಾಲ ಸಪೂರವಾಗಿರುವ ಇಂಥ ಉದ್ದ ಗುಂಡಿಗೆ, ಗಾಳಿ ಗುಂಡನ್ನು ತಡೆಯುವುದನ್ನು ಲೆಕ್ಕ ಹಾಕುವ ಮಾದರಿಗಳಲ್ಲಿ ಜಿ1 ಬದಲು ಜಿ7 ಆರಿಸಿ. ದೂರ ಹೋದಷ್ಟೂ ಅದೇ ಹೆಚ್ಚು ಸರಿಹೊಂದುತ್ತದೆ.

ಒಂದು ಎಡವಟ್ಟು ಹೇಳಲೇಬೇಕು. ಗುಂಡಿನ ಡಬ್ಬದ ಮೇಲೆ ಅಚ್ಚಾಗಿದ್ದ ವೇಗವನ್ನೇ ಸುಮ್ನೆ ತುಂಬಿದ್ದೆ. ಮೊದಲ ಹೊಡೆತ ಎರಡಡಿ ಕೆಳಗೆ! ಆಮೇಲೆ ಗುಂಡಿನ ವೇಗ ಅಳೆಯುವ ಗೆಳೆಯನ ಕ್ರೋನೋಗ್ರಾಫಿನಲ್ಲಿ ನೋಡಿದರೆ, ನನ್ನ ನಳಿಗೆಯಲ್ಲಿ ಸೆಕೆಂಡಿಗೆ 90 ಅಡಿ ಕಡಿಮೆ. ಸರಿಯಾದ ಅಂಕಿ ಕೊಟ್ಟ ಮೇಲೆ ಎತ್ತರದ ಲೆಕ್ಕ ಅರ್ಧ ಮಿನಿಟ್‌ನೊಳಗೆ (ಇಲ್ಲಿ ಮಿನಿಟ್ ಅಂದರೆ ಕೋನದ ಅಳತೆ, ಡಿಗ್ರಿಯ ಅರುವತ್ತನೇ ಒಂದು ಪಾಲು) ಕೂತಿತು. ಅಂದರೆ ಸಾವಿರ ಗಜದಲ್ಲಿ ಸುಮಾರು ಐದು ಇಂಚು. ಪುಕ್ಕಟೆ ಲೆಕ್ಕಕ್ಕೆ ಇದು ಜಾಸ್ತಿಯೇ ಅಲ್ವಾ?

ಗಾಳಿ ಮಾತ್ರ ಬೇರೆ ಕಥೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಈ ಗುಂಡನ್ನು ಏಳಡಿ ಆಸುಪಾಸು ತಳ್ಳುತ್ತದೆ. ಅದು 10 ಮೈಲಿಯೋ ಏಳೋ ಅಂತ ಬಾವುಟ ನೋಡಿ ನಾವೇ ಹೇಳಬೇಕು. ನಾನಿನ್ನೂ ಅರ್ಧ ಸಲ ತಪ್ಪುತ್ತೇನೆ.

ಪಟ್ಟಿಯನ್ನು ಮನೆಯಲ್ಲೇ ಪ್ರಿಂಟ್ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋಗಿ. ಇಲ್ಲಿನ ಮಳೆ ಹೇಳಿ ಬರುವುದಿಲ್ಲ.