ಮ್ಯೂನಿಕ್‌ಗೆ ಹೊರಡೋ ಮುಂಚೆ ಬಾಡಿಗೆ ಮನೆ: ನಾಲ್ಕು ದಾರಿ ನೋಡಿದ್ವಿ, ನನ್ನ ಓಟು ಫರ್ನಿಶ್ಡ್ ಮನೆಗೆ

ಬೆಂಗಳೂರಿಂದ ಮ್ಯೂನಿಕ್‌ಗೆ ಕೆಲ್ಸ ಸಿಕ್ಕಿ ಹೊರಡೋವಾಗ ಮನೆ ವಿಷಯಕ್ಕೆ ನಾನೂ ನನ್ನ ಗಂಡನೂ ನಾಲ್ಕು ದಾರಿ ನೋಡಿದ್ವಿ. ಊರಲ್ಲೇ ಕೂತು ಪೋರ್ಟಲ್‌ನಲ್ಲಿ ಖಾಲಿ ಮನೆ ಹುಡುಕೋದು ಒಂದು, ಕಂಪನಿಯವ್ರು ಮಾಡ್ಕೊಡೋ ಅಪಾರ್ಟ್‌ಮೆಂಟ್ ಹೋಟೆಲ್ ಇನ್ನೊಂದು, ಇಲ್ಲಿರೋ ನಮ್ಮವರ ವಾಟ್ಸಾಪ್ ಗುಂಪಲ್ಲಿ ಬರೋ ಸಬ್‌ಲೆಟ್ ರೂಮು, ಅಂದ್ರೆ ಬಾಡಿಗೆಗಿರೋರೇ ಇನ್ನೊಬ್ರಿಗೆ ಬಾಡಿಗೆಗೆ ಕೊಡೋದು, ಮೂರನೇದು, ಮೂರ್ನಾಲ್ಕು ತಿಂಗಳ ಮಟ್ಟಿಗೆ ಅಂತ್ಲೇ ಕೊಡೋ ಫರ್ನಿಶ್ಡ್ ಮನೆ ಕೊನೇದು. ಯಾರು ಕೇಳಿದ್ರೂ ನಾನು ಹೇಳೋದು ಈ ಕೊನೇದನ್ನೇ. ದುಬಾರಿ, ಒಪ್ತೀನಿ. ಆದ್ರೂ ಅದೇ. ಯಾಕೆ ಅಂತ ಸ್ವಲ್ಪ ಉದ್ದವಾಗೇ ಬರೀತೀನಿ, ಯಾಕಂದ್ರೆ ಹೊಸದಾಗಿ ಬರೋರು ಬರೀ ಬಾಡಿಗೆ ಎಷ್ಟು, ಸ್ಟೇಷನ್ ಎಷ್ಟು ದೂರ ಅಂತ ಕೇಳ್ತಾರೆ, ಕೇಳ್ಬೇಕಾದ ಪ್ರಶ್ನೆ ಬೇರೆನೇ ಇದೆ, ಆ ಮನೇಲಿ ನನ್ನ ವಿಳಾಸ ಸರ್ಕಾರಿ ಆಫೀಸಲ್ಲಿ ನೋಂದಣಿ ಆಗತ್ತಾ ಅಂತ.

ಮೊದ್ಲು ಪೋರ್ಟಲ್ ವಿಷಯ. ಜರ್ಮನಿಲಿ ಇಮೊಬಿಲಿಯನ್‌ಸ್ಕೌಟ್24, ಇಮೊವೆಲ್ಟ್ ದೊಡ್ಡವು, ರೂಮ್ ಹಂಚ್ಕೊಳ್ಳೋರಿಗೆ ಡಬ್ಲ್ಯೂಜಿ-ಗೆಸೂಖ್ಟ್. ಫೋಟೋ ನೋಡ್ತಾ ಕೂತ್ರೆ ರಾತ್ರಿ ಕಳೆಯತ್ತೆ, ಉತ್ತರ ಮಾತ್ರ ಬರಲ್ಲ. ಅದಕ್ಕೆ ಪೋರ್ಟಲ್‌ನ ದೂರೋದ್ರಲ್ಲಿ ಅರ್ಥ ಇಲ್ಲ. ಮನೆ ಮಾಲೀಕರು ಕೇಳೋದು ಕಳೆದ ಮೂರು ತಿಂಗಳ ಸ್ಯಾಲರಿ ಸ್ಲಿಪ್ಪು, ಶೂಫಾ ಅಂತ ನಮ್ಮ ಸಿಬಿಲ್ ಥರದ ರಿಪೋರ್ಟು, ಆಮೇಲೆ ನೀವು ಖುದ್ದಾಗಿ ಬಂದು ಮನೆ ನೋಡೋದು. ಬೆಂಗಳೂರಲ್ಲಿ ಕೂತಿರೋರ ಹತ್ರ ಈ ಮೂರೂ ಇರಲ್ಲ. ಮ್ಯೂನಿಕ್‌ನಂಥ ಊರಲ್ಲಿ ಒಂದು ಮನೆಗೆ ಅಷ್ಟೊಂದು ಜನ ಅರ್ಜಿ ಹಾಕ್ತಿರೋವಾಗ, ಇನ್ನೂ ವೀಸಾ ಸ್ಟಾಂಪ್ ಆಗದೆ ಇರೋರಿಗೆ ಯಾರು ತಾನೆ ಫೋನ್ ಮಾಡ್ತಾರೆ ಹೇಳಿ.

ಇನ್ನೊಂದು, ಇಲ್ಲಿ ಖಾಲಿ ಮನೆ ಅಂದ್ರೆ ನಿಜವಾಗ್ಲೂ ಖಾಲಿ. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂತ ಇರೋದು ನಾಲ್ಕು ಗೋಡೆ, ಒಂದು ನೀರಿನ ಪೈಪು, ಒಂದು ವೈರು ಅಷ್ಟೇ, ಸಿಂಕು ಒಲೆ ಕಪಾಟು ಎಲ್ಲ ಹಳೇ ಬಾಡಿಗೆದಾರರು ಬಿಚ್ಕೊಂಡು ಹೋಗಿರ್ತಾರೆ, ಇಲ್ಲಾಂದ್ರೆ ನೀವೇ ಅವರಿಂದ ದುಡ್ಡು ಕೊಟ್ಟು ಕೊಂಡ್ಕೋಬೇಕು. ಲೈಟಿನ ಜಾಗದಲ್ಲಿ ವೈರ್ ನೇತಾಡ್ತಿರತ್ತೆ. ಬಿಡೋದಾದ್ರೆ ಮೂರು ತಿಂಗಳ ನೋಟಿಸು ಬೇರೆ. ಹಾಗಾಗಿ ಅದೃಷ್ಟಕ್ಕೆ ಯಾರಾದ್ರೂ ಒಪ್ಪಿದ್ರೂ, ನೋಡದೇ ಇರೋ ಖಾಲಿ ಮನೆಗೆ ಸಹಿ ಹಾಕೋದನ್ನ ನಾನಂತೂ ಯಾರಿಗೂ ಹೇಳಲ್ಲ.

ಬರೋ ಉತ್ತರ ಯಾರದು ಗೊತ್ತಾ, ಮೋಸಗಾರರದು. ಒಳ್ಳೇ ಏರಿಯಾ, ಕಮ್ಮಿ ಬಾಡಿಗೆ, ಮಾಲೀಕರು ಮಾತ್ರ ಸದ್ಯಕ್ಕೆ ಬೇರೆ ದೇಶದಲ್ಲಿದ್ದಾರೆ, ಡೆಪಾಸಿಟ್ ಕಳಿಸಿದ ತಕ್ಷಣ ಕೀ ಕೊರಿಯರ್ ಮಾಡ್ತಾರೆ, ಜೊತೆಗೆ ನಿಮ್ಮ ಪಾಸ್‌ಪೋರ್ಟ್ ಕಾಪಿ ಕಳಿಸಿ. ನಮಗೂ ಇಂಥ ಮೇಲ್ ಬಂತು, ಓದಿ ಡಿಲೀಟ್ ಮಾಡಿದ್ವಿ. ಮನೆ ನೋಡದೆ, ವಿಡಿಯೋ ಕಾಲಲ್ಲಾದ್ರೂ ಮುಖ ನೋಡದೆ ದುಡ್ಡು ಕಳಿಸ್ಬೇಡಿ, ಪಾಸ್‌ಪೋರ್ಟ್ ಕಾಪಿಯನ್ನಂತೂ ಕಳಿಸ್ಲೇಬೇಡಿ.

ಬ್ರೋಕರ್ ವಿಷಯ ಒಂದೇ ಮಾತು. 2015ರ ಜೂನ್‌ನಿಂದ ಇಲ್ಲಿ ಬಾಡಿಗೆ ಮನೆಗೆ ಬ್ರೋಕರ್‌ನ ಯಾರು ನೇಮಿಸ್ತಾರೋ ಅವ್ರೇ ಕಮಿಷನ್ ಕೊಡ್ಬೇಕು ಅಂತ ಕಾನೂನಿದೆ, ಮಾಲೀಕರು ಇಟ್ಟಿರೋ ಬ್ರೋಕರ್ ನಿಮ್ಮ ಹತ್ರ ಒಂದು ತಿಂಗಳ ಬಾಡಿಗೆ ಕೇಳಿದ್ರೆ ಕೊಡ್ಬೇಡಿ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಕಂಪನಿಯವ್ರು ಮೊದಲ ಕೆಲವು ವಾರಕ್ಕೆ ಒಂದು ಅಪಾರ್ಟ್‌ಮೆಂಟ್ ಹೋಟೆಲ್ ಮಾಡಿದ್ರು. ಚೆನ್ನಾಗೇ ಇತ್ತು, ಚಿಕ್ಕ ಕಿಚನ್, ವಾರಕ್ಕೊಂದ್ಸಲ ಕ್ಲೀನಿಂಗ್, ಕೆಳಗೆ ಇಳಿದ್ರೆ ಟ್ರಾಮು. ಬಾಡಿಗೆ ನಮ್ಮ ಜೇಬಿಂದ ಹೋಗ್ತಿರ್ಲಿಲ್ಲ. ಯಾರಾದ್ರೂ ಖುಷಿ ಪಡೋ ಏರ್ಪಾಡು. ತೊಂದ್ರೆ ಶುರುವಾಗಿದ್ದು ವಿಳಾಸ ನೋಂದಣಿಯಿಂದ.

ಜರ್ಮನಿಲಿ ಮನೆಗೆ ಹೋಗಿ ಎರಡು ವಾರದೊಳಗೆ ನಗರಪಾಲಿಕೆ ಆಫೀಸಲ್ಲಿ ವಿಳಾಸ ರಿಜಿಸ್ಟರ್ ಮಾಡ್ಬೇಕು, ಅದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಹೋಗಿ ಹೆಸ್ರು ಹೇಳಿದ್ರೆ ಆಗಲ್ಲ. 2015ರ ನವೆಂಬರ್‌ನಿಂದ, ಇಂಥವರು ಇಂಥ ತಾರೀಕಿಂದ ನನ್ನ ಮನೇಲಿದ್ದಾರೆ ಅಂತ ಮನೆ ಕೊಟ್ಟವರು ಸಹಿ ಮಾಡಿದ ಫಾರಂ ಬೇಕೇ ಬೇಕು. ನಮ್ಮ ಕಡೆ ರೆಂಟಲ್ ಅಗ್ರಿಮೆಂಟ್ ತೋರಿಸಿದ್ರೆ ಗ್ಯಾಸ್ ಕನೆಕ್ಷನ್ನೂ ಸಿಗತ್ತೆ, ಆಧಾರ್ ಅಡ್ರೆಸ್ಸೂ ಬದಲಾಗತ್ತೆ, ಇಲ್ಲಿ ಅಗ್ರಿಮೆಂಟ್ ಒಂದೇ ಸಾಲಲ್ಲ, ಆ ಫಾರಂ ಬೇರೆನೇ. ರಿಸೆಪ್ಷನ್‌ನಲ್ಲಿ ಕೇಳಿದ್ರೆ ಆಯಮ್ಮ ನಗ್ತಾನೇ, ನಾವು ಅದನ್ನ ಕೊಡಲ್ಲ, ನೀವು ಅತಿಥಿಗಳು, ಬಾಡಿಗೆದಾರರಲ್ಲ ಅಂದ್ರು. ಎಚ್‌ಆರ್‌ಗೆ ಮೇಲ್ ಹಾಕಿದ್ರೆ, ಊರು ಬದಲಾಯಿಸೋರಿಗೆ ಸಹಾಯ ಮಾಡೋ ರಿಲೊಕೇಷನ್ ಏಜೆಂಟ್‌ನ ಕೇಳಿ ಅಂದ್ರು. ಏಜೆಂಟ್ ಕೇಳಿದ್ರೆ, ಅದು ಪ್ಯಾಕೇಜ್‌ನಲ್ಲಿ ಇಲ್ಲ, ಖಾಯಂ ಮನೆ ಸಿಕ್ಕಮೇಲೆ ಮಾಡಿಸಿ ಅಂದ್ರು.

ಖಾಯಂ ಮನೆ ಸಿಗೋವರೆಗೆ ಕಾಯೋಣ ಅಂದ್ರೆ ಮಿಕ್ಕ ಕೆಲ್ಸ ಕಾಯಲ್ವಲ್ಲ! ರಿಜಿಸ್ಟರ್ ಆದಮೇಲೇ 11 ಅಂಕಿಯ ಟ್ಯಾಕ್ಸ್ ನಂಬರು ಪೋಸ್ಟಲ್ಲಿ ಬರೋದು. ಆ ನಂಬರ್ ಕಂಪನಿಗೆ ಕೊಡದಿದ್ರೆ ಸಾಮಾನ್ಯವಾಗಿ ಸಂಬಳನ ಟ್ಯಾಕ್ಸ್ ಕ್ಲಾಸ್ 6ರಲ್ಲಿ ಹಾಕ್ತಾರೆ, ಅದ್ರಲ್ಲಿ ಮೂಲ ವಿನಾಯಿತಿನೇ ಇಲ್ಲ, ಎಲ್ಲಕ್ಕಿಂತ ಜಾಸ್ತಿ ಕಟ್ ಆಗೋ ಕ್ಲಾಸು. ನಂಬರ್ ತಡ ಆಗಿದ್ದು ಕೆಲಸಗಾರರ ತಪ್ಪಿಂದ ಅಲ್ಲ ಅಂದ್ರೆ ಕಂಪನಿ ಮೂರು ತಿಂಗಳವರೆಗೆ ಸರಿಯಾದ ಕ್ಲಾಸನ್ನೇ ಅಂದಾಜಲ್ಲಿ ಹಾಕೋಕೆ ಅವಕಾಶ ಇದೆ, ನಮ್ಮ ಪೇರೋಲ್‌ನವ್ರು ಹಾಗೆ ಮಾಡ್ಲಿಲ್ಲ. ಮೊದಲ ಸಂಬಳದಲ್ಲಿ ನೂರಾರು ಯೂರೋ ಕಮ್ಮಿ ಬಂತು. ಆಮೇಲೆ ಸರಿ ಮಾಡಿ ವಾಪಸ್ ಕೊಟ್ರು, ಇಲ್ಲ ಅನ್ನಲ್ಲ, ಆದ್ರೆ ಊರಿಂದ ತಂದ ದುಡ್ಡು ಡೆಪಾಸಿಟ್ಟಿಗೆ ಹೋಗಿರೋ ಆ ತಿಂಗಳಲ್ಲೇ ಕೈ ಕಟ್ಟಿದ ಹಾಗಾಯ್ತು. ಬ್ಯಾಂಕಿಗೆ ಹೋದ್ರೆ ನೋಂದಣಿ ಪತ್ರ ಕೇಳ್ತಾರೆ, ರೆಸಿಡೆನ್ಸ್ ಪರ್ಮಿಟ್ ಅರ್ಜಿಗೂ ಅದೇ ಪತ್ರ. ಒಂದು ಕಾಗದ ಇಲ್ಲದೆ ಹತ್ತು ಕೆಲ್ಸ ನಿಂತು ಹೋಗತ್ತೆ.

ಪೋಸ್ಟಿಂದೂ ಒಂದು ಕಥೆ ಇದೆ. ಇಲ್ಲಿ ಅಂಚೆಯಣ್ಣ ಫ್ಲಾಟ್ ನಂಬರ್ ನೋಡಲ್ಲ, ಲೆಟರ್ ಬಾಕ್ಸ್ ಮೇಲಿರೋ ಹೆಸ್ರು ನೋಡ್ತಾನೆ. ಎಷ್ಟೋ ಬಿಲ್ಡಿಂಗಲ್ಲಿ ಫ್ಲಾಟಿಗೆ ನಂಬರೇ ಇರಲ್ಲ. ಹೆಸ್ರು ಇಲ್ದಿದ್ರೆ ಕಾಗದ ವಾಪಸ್. ಟ್ಯಾಕ್ಸ್ ನಂಬರು, ಬ್ಯಾಂಕ್ ಪಿನ್ನು, ಹೆಲ್ತ್ ಇನ್ಶೂರೆನ್ಸ್ ಕಾರ್ಡು ಎಲ್ಲ ಬರೋದು ಪೋಸ್ಟಲ್ಲೇ, ಹಾಗಾಗಿ ಯಾವ ಮನೆಗೆ ಹೋದ್ರೂ ಕೀ ತಗೊಂಡ ದಿನಾನೇ ಬಾಕ್ಸ್ ಮೇಲೆ, ಕಾಲಿಂಗ್ ಬೆಲ್ ಮೇಲೆ ನಿಮ್ಮ ಹೆಸ್ರು ಅಂಟಿಸಿ. ಗಂಡ ಹೆಂಡ್ತಿ ಹೆಸ್ರು ಬೇರೆ ಬೇರೆ ಇದ್ರೆ ಎರಡನ್ನೂ ಅಂಟಿಸಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸ್ರೋ ಊರಿನ ಹೆಸ್ರೋ ಇರತ್ತೆ, ಪಾಸ್‌ಪೋರ್ಟಲ್ಲಿ ಏನಿದೆಯೋ ಅದನ್ನೇ ಹಾಕ್ಬೇಕು.

ವಾಟ್ಸಾಪ್ ಗುಂಪಿನ ಬಗ್ಗೆ ನನಗೆ ಪ್ರೀತಿ ಇದೆ. ಕುಕ್ಕರ್ ತರ್ಬೇಕಾ ಅನ್ನೋದ್ರಿಂದ ಹಿಡ್ದು ಎಲ್ಲದಕ್ಕೂ ಅಲ್ಲೇ ಉತ್ತರ ಸಿಕ್ಕಿದ್ದು. ಅಂದಹಾಗೆ ಇಂಡಕ್ಷನ್ ಒಲೆ ಇರೋ ಮನೆಗೆ ಬರೀ ಅಲ್ಯೂಮಿನಿಯಂ ಕುಕ್ಕರ್ ತಂದ್ರೆ ನಡೆಯಲ್ಲ, ಇಂಡಕ್ಷನ್ ಬೇಸ್ ಇರೋ ಸ್ಟೀಲಿಂದು ತನ್ನಿ, ಮಿಕ್ಸಿ ಅಡಾಪ್ಟರ್ ಹಾಕಿದ್ರೆ ಓಡತ್ತೆ, ವೋಲ್ಟೇಜ್ ಎರಡೂ ಕಡೆ ಒಂದೇ. ಮನೆ ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಯಾರೋ ಎರಡು ತಿಂಗಳು ಊರಿಗೆ ಹೋಗ್ತಾರೆ, ಆ ಮಟ್ಟಿಗೆ ರೂಮ್ ಕೊಡ್ತಾರೆ, ನಾವು ನೋಡಿದ್ದು ತಿಂಗಳಿಗೆ 800 ಯೂರೋ. ಅವರು ಸಬ್‌ಲೆಟ್ ಮಾಡೋಕೆ ಅವರ ಮಾಲೀಕರ ಒಪ್ಪಿಗೆ ಬೇಕು, ಎಷ್ಟೋ ಸಲ ಕೇಳಿರಲ್ಲ, ಕೇಳದೇ ಇದ್ದೋರು ನಿಮಗೆ ನೋಂದಣಿ ಫಾರಂಗೆ ಸಹಿ ಹಾಕೋಕೆ ಹಿಂಜರೀತಾರೆ, ಪರಿಚಯದವ್ರನ್ನ ಒತ್ತಾಯ ಮಾಡೋಕೂ ಆಗಲ್ಲ. ನಮ್ಮ ಟೀಮಿನ ಹುಬ್ಬಳ್ಳಿ ಹುಡುಗ ಒಬ್ಬ ಹೀಗೇ ಸಬ್‌ಲೆಟ್ ತಗೊಂಡು ಆರಾಮಾಗಿದ್ದ, ಅವ್ನಿಗೆ ಒಪ್ಪಿಗೆ ಪತ್ರ, ಫಾರಂ ಎರಡೂ ಮೊದ್ಲೇ ಸಿಕ್ಕಿತ್ತು. ಒಬ್ರೇ ಬರೋರಾದ್ರೆ ಇದೇ ಸಾಕು. ನಮ್ಮದು ಎರಡು ಹೊತ್ತೂ ಮನೇಲೇ ಅಡುಗೆ, ನಾನು ಮೊಟ್ಟೆನೂ ತಿನ್ನಲ್ಲ, ಬೇರೆಯವ್ರ ಕಿಚನ್‌ನಲ್ಲಿ ಅವ್ರ ಪಾತ್ರೆ ಮಧ್ಯೆ ದಿನಾ ಸಾರು ಮಾಡೋದು ನಂಗೆ ಒಗ್ಗಲ್ಲ.

ಇನ್ನು ನಾವು ತಗೊಂಡ ಫರ್ನಿಶ್ಡ್ ಮನೆ. ವುಂಡರ್‌ಫ್ಲಾಟ್ಸ್, ಹೌಸಿಂಗ್ ಎನಿವೇರ್ ಥರದ ಸೈಟ್‌ಗಳಲ್ಲಿ ಇಂಥವು ಬರ್ತಾವೆ. ಬೆಂಗಳೂರಿಂದ್ಲೇ ವಿಡಿಯೋ ಕಾಲ್‌ನಲ್ಲಿ ಮನೆ ನೋಡಿ, ಹೋಟೆಲ್ ಮುಗಿಯೋ ದಿನಕ್ಕೆ ಸರಿಯಾಗಿ ಬುಕ್ ಮಾಡಿದ್ವಿ, ಮ್ಯೂನಿಕ್‌ನ ಮೊಸಾಖ್ ಏರಿಯಾದಲ್ಲಿ, ಒಂದೂವರೆ ರೂಮು, ಎಲ್ಲ ಸೇರಿ ತಿಂಗಳಿಗೆ 1,650 ಯೂರೋ. ಪೋರ್ಟಲ್‌ನಲ್ಲಿ ಕಾಣೋ ಬಾಡಿಗೆ ಎಷ್ಟೋ ಸಲ ಬರೀ ಗೋಡೆಯ ಬಾಡಿಗೆ, ಅದ್ರ ಮೇಲೆ ಹೀಟಿಂಗು ನೀರು ಕಸ ಸೇರ್ಕೊಳತ್ತೆ, ಕರೆಂಟು ಇಂಟರ್‌ನೆಟ್ಟು ಇನ್ನೂ ಬೇರೆ. ಇಲ್ಲಿ ಆ ಲೆಕ್ಕಾನೇ ಇಲ್ಲ, ಎಲ್ಲ ಒಂದರಲ್ಲೇ. ಬುಕ್ ಮಾಡೋ ಮುಂಚೆ ನಾನು ಕೇಳಿದ ಮೊದಲ ಪ್ರಶ್ನೆ, ಇಬ್ಬರಿಗೂ ನೋಂದಣಿ ಫಾರಂ ಕೊಡ್ತೀರಾ. ಕೊಡ್ತೀನಿ ಅಂದ್ರು. ಹಾಗಾದ್ರೆ ಕಾಂಟ್ರಾಕ್ಟ್‌ನಲ್ಲಿ ಆ ಸಾಲು ಬರೀರಿ ಅಂದೆ, ಬರೆದ್ರು. ಇಬ್ಬರ ಹೆಸ್ರೂ ಕಾಂಟ್ರಾಕ್ಟ್‌ನಲ್ಲಿ ಇರಲಿ ಅಂದೆ, ಅದೂ ಆಯ್ತು. ಕೀ ಕೊಡೋವಾಗ ಫಾರಂ ಟೇಬಲ್ ಮೇಲೆ ಸಹಿಯಾಗಿ ರೆಡಿ ಇತ್ತು. ಹೋಟೆಲ್‌ನಲ್ಲಿ ವಾರಗಟ್ಟಲೆ ಅಲೆದ ಕೆಲ್ಸ ಇಲ್ಲಿ ಒಂದು ಅಪಾಯಿಂಟ್‌ಮೆಂಟ್‌ಗೆ ಮುಗೀತು.

ಡೆಪಾಸಿಟ್ ಬಗ್ಗೆ ಹೇಳ್ಬೇಕಂದ್ರೆ, ಮಾಮೂಲಿ ಬಾಡಿಗೆ ಮನೆಗಳಿಗೆ ಇಲ್ಲಿನ ಕಾನೂನು ಪ್ರಕಾರ ಮೂರು ತಿಂಗಳ ಮೂಲ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ, ಅದನ್ನೂ ಮೂರು ಕಂತಲ್ಲಿ ಕೊಡಬಹುದು. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡೋವಾಗ ಪೇಂಟಿಂಗ್ ಚಾರ್ಜ್ ಅಂತ ಒಂದು ತಿಂಗಳದ್ದು ಬಿಟ್ಟು ಬಂದಿರೋರಿಗೆ ಇದು ಎಷ್ಟೋ ವಾಸಿ. ನಮ್ಮ ಫರ್ನಿಶ್ಡ್ ಮನೆಗೆ ಕೇಳಿದ್ದು ಎರಡು ತಿಂಗಳದ್ದು. ಊರಿಂದ ಕಳಿಸೋದಾದ್ರೆ ಬ್ಯಾಂಕಲ್ಲಿ ವಿದೇಶಕ್ಕೆ ದುಡ್ಡು ಕಳಿಸೋಕೆ ಅಂತ ಇರೋ ಎ2 ಫಾರಂ ತುಂಬಬೇಕು, ಕೊನೇ ವಾರಕ್ಕೆ ಇಟ್ಕೋಬೇಡಿ. ಕೆಲವು ಪ್ಲಾಟ್‌ಫಾರಂಗಳು ಮೊದಲ ಬಾಡಿಗೆನ ತಾವೇ ಹಿಡ್ಕೊಂಡಿದ್ದು, ನೀವು ಮನೆಗೆ ಹೋದಮೇಲಷ್ಟೇ ಮಾಲೀಕರಿಗೆ ಕೊಡ್ತಾರೆ, ಅಂಥದ್ದು ಸಿಕ್ಕಿದ್ರೆ ಅದನ್ನೇ ಆರಿಸ್ಕೊಳ್ಳಿ.

ಕೊರತೆ ಇಲ್ವಾ ಅಂದ್ರೆ ಇದೆ. ವಾಷಿಂಗ್ ಮೆಷಿನ್ ಬೇಸ್‌ಮೆಂಟ್‌ನಲ್ಲಿ, ನಾಲ್ಕು ಮನೆಗೆ ಒಂದು. ಮಂಚ ಚಿಕ್ಕದು. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕೋ ಹಾಗಿಲ್ಲ, ದೋಸೆ ಹಿಟ್ಟು ರುಬ್ಬೋದಿದ್ರೆ ಸಂಜೆನೇ ಮುಗಿಸ್ಬೇಕು, ಆದ್ರೆ ಅದು ಜರ್ಮನಿಲಿ ಎಲ್ಲಾ ಮನೆಗೂ ಅನ್ವಯ.

ದುಡ್ಡಿನ ಲೆಕ್ಕ ನಾನು ಹೀಗೆ ಹಾಕ್ದೆ. ಅದೇ ಟ್ರೈನ್ ಲೈನಲ್ಲಿ ಖಾಲಿ ಮನೆ ಎಲ್ಲ ಸೇರಿ 1,350ರ ಹತ್ರ, ಅಂದ್ರೆ ತಿಂಗಳಿಗೆ 300 ಯೂರೋ ಜಾಸ್ತಿ ಕೊಟ್ವಿ, ನಾಲ್ಕು ತಿಂಗಳಿಗೆ 1,200, ನಮ್ಮ ದುಡ್ಡಲ್ಲಿ ಲಕ್ಷದ ಮೇಲೆ. ಕಮ್ಮಿ ಏನಲ್ಲ. ಆದ್ರೆ ಆ ನಾಲ್ಕು ತಿಂಗಳಲ್ಲಿ ಟ್ಯಾಕ್ಸ್ ನಂಬರ್ ಬಂತು, ಬ್ಯಾಂಕ್ ಅಕೌಂಟ್ ಆಯ್ತು, ಮೂರು ಸ್ಯಾಲರಿ ಸ್ಲಿಪ್ ಕೈಗೆ ಬಂತು, ಶೂಫಾ ರಿಪೋರ್ಟ್ ತೆಗೆಸಿದ್ವಿ. ಬೆಂಗಳೂರಲ್ಲಿದ್ದಾಗ ಉತ್ತರನೇ ಬರದ ಅದೇ ಪೋರ್ಟಲ್‌ನಲ್ಲಿ ಈಗ ಮನೆ ನೋಡೋಕೆ ಬನ್ನಿ ಅಂತ ಕರೆಯೋಕೆ ಶುರು ಮಾಡಿದ್ರು. ಮ್ಯೂನಿಕ್ ಪಕ್ಕದ ಉಂಟರ್‌ಶ್ಲೈಸ್‌ಹೈಮ್ ಊರಲ್ಲಿ ಎಸ್1 ಟ್ರೈನ್ ಸ್ಟೇಷನ್‌ಗೆ ನಡ್ಕೊಂಡು ಹೋಗೋಷ್ಟು ಹತ್ರ ಎರಡು ರೂಮಿನ ಮನೆ ಸಿಕ್ತು, ಹಳಬರ ಕಿಚನ್‌ನ 800 ಯೂರೋ ಕೊಟ್ಟು ಇಟ್ಕೊಂಡ್ವಿ. ಕಣ್ಣಾರೆ ನೋಡಿ, ನಲ್ಲಿ ತಿರುಗಿಸಿ, ಬಿಸಿಲು ಯಾವ ಕಡೆಯಿಂದ ಬರತ್ತೆ ನೋಡಿ ಸಹಿ ಹಾಕಿದ ಮನೆ ಅದು.

ಕಂಪನಿಯವ್ರು ಹೋಟೆಲ್ ಕೊಡ್ತಾರೆ ಅಂದ್ರೆ ಬೇಡ ಅನ್ಬೇಡಿ, ಬಿಟ್ಟಿ ಸಿಗೋದನ್ನ ಯಾಕೆ ಬಿಡ್ಬೇಕು. ಆದ್ರೆ ಅಲ್ಲಿ ನೋಂದಣಿ ಆಗತ್ತಾ ಅಂತ ಆಫರ್ ಲೆಟರ್‌ಗೆ ಸಹಿ ಹಾಕೋ ಹೊತ್ತಲ್ಲೇ ಮೇಲಲ್ಲಿ ಕೇಳಿ, ಆಗಲ್ಲ ಅಂದ್ರೆ ಹೋಟೆಲ್ ಬದ್ಲು ಆ ದುಡ್ಡನ್ನ ಫರ್ನಿಶ್ಡ್ ಮನೆಗೆ ಕೊಡ್ತೀರಾ ಅಂತನೂ ಕೇಳಿ. ನನ್ನ ಜೊತೆ ಸೇರಿದ ಇನ್ನೊಬ್ಬಾಕೆಗೆ ಕೊಟ್ರು. ಓದೋಕೆ ಬರೋರಿಗೆ ಇಷ್ಟು ಬಾಡಿಗೆ ಆಗಲ್ಲ, ಅವ್ರು ಅಡ್ಮಿಷನ್ ಸಿಕ್ಕ ದಿನಾನೇ ಸ್ಟೂಡೆಂಟ್ ಹಾಸ್ಟೆಲ್‌ಗೆ ಅರ್ಜಿ ಹಾಕ್ಲಿ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಒಂದು ಕಡೆ ಅಕ್ಟೋಬರ್‌ಫೆಸ್ಟ್ ಅನ್ನೋ ದೊಡ್ಡ ಬಿಯರ್ ಜಾತ್ರೆ, ಇನ್ನೊಂದು ಕಡೆ ಹೊಸ ಸೆಮಿಸ್ಟರ್, ರೂಮ್ ಸಿಗೋದು ಬಹಳ ಕಷ್ಟ. ಸ್ಕೂಲಿಗೆ ಹೋಗೋ ಮಕ್ಕಳಿರೋರು ಇನ್ನೊಂದು ನೋಡ್ಕೊಳ್ಳಿ, ಇಲ್ಲಿ ಸರ್ಕಾರಿ ಪ್ರೈಮರಿ ಸ್ಕೂಲ್ ನಿಮ್ಮ ನೋಂದಣಿ ವಿಳಾಸದ ಮೇಲೆ ನಿರ್ಧಾರ ಆಗತ್ತೆ, ಹಾಗಾಗಿ ಫರ್ನಿಶ್ಡ್ ಮನೆನ ಮುಂದೆ ಎಲ್ಲಿ ಇರ್ಬೇಕು ಅನ್ಕೊಂಡಿದ್ದೀರೋ ಅದೇ ಏರಿಯಾದಲ್ಲಿ ಹಿಡೀರಿ, ಇಲ್ಲಾಂದ್ರೆ ಮಗು ನಾಲ್ಕೇ ತಿಂಗಳಲ್ಲಿ ಎರಡು ಸ್ಕೂಲ್ ನೋಡ್ಬೇಕಾಗತ್ತೆ.